ಹಡಗು ತಂಗುವ ಒಂದು ಹಗಲು

ಮುಂಜಾನೆಯ ಹೊತ್ತಿಗೆ ಪಣಂಬೂರಿನ ಅಲೆತಡೆಗೋಡೆಗಳ ನಡುವಿನಿಂದ ಬಹುಮಹಡಿ ಕಟ್ಟಡದಂಥ ಬಿಳಿಯ ಹಡಗೊಂದು ಮೆಲ್ಲನೆ ಒಳಬರುತ್ತದೆ. ಕಲ್ಲಿದ್ದಲು, ಕಚ್ಚಾತೈಲ ಹೊತ್ತ ಹಡಗುಗಳನ್ನೇ ಕಂಡು ರೂಢಿಯಾದ ನವಮಂಗಳೂರು ಬಂದರಿಗೆ ಇದು ಬೇರೆ ಬಗೆಯ ಅತಿಥಿ. ಇದರಲ್ಲಿರುವುದು ಸರಕಲ್ಲ, ವಿಹಾರಕ್ಕೆ ಹೊರಟ ಮನುಷ್ಯರು. ನಿನ್ನೆ ಗೋವಾ, ನಾಳೆ ಕೊಚ್ಚಿ. ನಡುವಿನ ಒಂದು ಹಗಲು ಮಾತ್ರ ಮಂಗಳೂರಿಗೆ ಮೀಸಲು.

ಈ ಅತಿಥಿಗಳು ಬರುವುದು ಮಳೆಗಾಲ ಮುಗಿದ ಮೇಲೆ. ಮುಂಗಾರಿನ ಅರಬ್ಬೀ ಸಮುದ್ರ ವಿಹಾರಕ್ಕೆ ತಕ್ಕುದಲ್ಲ. ಕೋವಿಡ್ ಕಾಲದಲ್ಲಿ ಪೂರ್ತಿ ನಿಂತಿದ್ದ ಈ ಸಂಚಾರ 2022ರ ನವೆಂಬರ್‌ನಲ್ಲಿ ‘ಯೂರೋಪಾ 2’ ನೌಕೆಯ ಆಗಮನದೊಂದಿಗೆ ಮತ್ತೆ ಆರಂಭವಾಯಿತು.

ದೂರದಿಂದ ಬಂದವರಿಗೆ ಮಂಗಳೂರು ಹೊಸದಲ್ಲ. 12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ ಇಲ್ಲಿ ನೆಲೆಸಿ, ಏಡನ್ ಬಂದರಿನೊಂದಿಗೆ ಮೆಣಸಿನ ವ್ಯಾಪಾರ ನಡೆಸಿದ್ದ. ಅವನ ಪತ್ರಗಳು ಕೈರೋದ ಹಳೆಯ ಪ್ರಾರ್ಥನಾ ಮಂದಿರವೊಂದರಲ್ಲಿ ದೊರೆತಿವೆ. ಅವನು ಇಲ್ಲಿ ಸುಮಾರು ಹದಿನೇಳು ವರ್ಷ ಉಳಿದ. ಈಗಿನ ಯಾತ್ರಿಕರಿಗೆ ಸಿಗುವುದು ಹತ್ತು ಗಂಟೆಯೂ ಕಷ್ಟ!

ಆಗಿನ ಹಡಗುಗಳು ಬರುತ್ತಿದ್ದುದು ನೇತ್ರಾವತಿ ಮತ್ತು ಗುರುಪುರ ಹೊಳೆಗಳು ಕಡಲು ಸೇರುವ ಹಳೆಯ ಬಂದರಿಗೆ. ಹೊಳೆ ತಂದ ಮರಳನ್ನು ಅಲೆ ಹಿಂದಕ್ಕೆ ದೂಡುವುದರಿಂದ ಅಳಿವೆ ಬಾಯಲ್ಲಿ ದಿಬ್ಬ ಬೆಳೆಯುತ್ತದೆ. ದೊಡ್ಡ ಹಡಗುಗಳು ಹೊರಗೆ ಕಡಲಲ್ಲೇ ಲಂಗರು ಹಾಕಬೇಕಾಗಿತ್ತು. ಈ ತೊಂದರೆ ತಪ್ಪಿಸಲು ಉತ್ತರಕ್ಕೆ ಪಣಂಬೂರಿನಲ್ಲಿ ನೆಲವನ್ನೇ ತೋಡಿ, ಕಡಲನ್ನು ಒಳಗೆ ಕರೆದುಕೊಂಡರು. 1974ರಲ್ಲಿ ಇದು ದೇಶದ ಪ್ರಮುಖ ಬಂದರುಗಳ ಪಟ್ಟಿಗೆ ಸೇರಿತು. 1975ರ ಜನವರಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿ ಉದ್ಘಾಟಿಸಿದರು.

ಆದರೆ ತೋಡಿದ ಆ ನೆಲ ಬರಿದಾಗಿರಲಿಲ್ಲ. ಅಲ್ಲಿ ಮನೆಗಳಿದ್ದವು, ತೆಂಗಿನ ತೋಟಗಳಿದ್ದವು, ದೈವದ ಸ್ಥಾನಗಳಿದ್ದವು. ಬಂದರಿಗಾಗಿ ಒಕ್ಕಲೆದ್ದವರಿಗೆ ಕಾಟಿಪಳ್ಳ, ಕೃಷ್ಣಾಪುರಗಳಲ್ಲಿ ನಿವೇಶನ ಕೊಟ್ಟರು. ಕಡಲ ದಡದಲ್ಲಿ ಬೆಳೆದವರು ಗುಡ್ಡದ ಮೇಲೆ ಹೊಸ ಬಾಳು ಕಟ್ಟಿಕೊಂಡರು. ಬಂದರಿನಿಂದ ಹೊರಡುವ ಪ್ರವಾಸಿ ಬಸ್ಸುಗಳಲ್ಲಿ ಕುಳಿತವರಿಗೆ ಈ ಸಂಗತಿಯನ್ನೂ ಯಾರಾದರೂ ಹೇಳಿದರೆ ಚೆನ್ನು.

ಬಸ್ಸುಗಳು ಹೆಚ್ಚಾಗಿ ನಿಲ್ಲುವ ಸ್ಥಳಗಳಲ್ಲಿ ಒಂದು ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾ ಮಂದಿರ. ಇಟಲಿಯ ಬೆರ್ಗಾಮೊ ಬಳಿಯ ಅಂತೋನಿಯೊ ಮೊಸ್ಕೇನಿ ಎಂಬ ಧರ್ಮಸಹೋದರ 1900ರ ಆಸುಪಾಸಿನಲ್ಲಿ ಇದರ ಒಳಮೈ ತುಂಬ ಚಿತ್ರ ಬರೆದ. ಗೋಡೆಯ ಚಿತ್ರಗಳು ಫ್ರೆಸ್ಕೊ ಮಾದರಿಯವು. ಸುಣ್ಣದ ಗಾರೆ ಹಸಿಯಿರುವಾಗಲೇ ಬಣ್ಣ ಬಳಿಯಬೇಕು. ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಸುಣ್ಣವು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಕಲ್ಲಾಗುತ್ತದೆ. ಬಣ್ಣ ಆ ಕಲ್ಲಿನೊಳಗೇ ಸೆರೆಯಾಗುತ್ತದೆ. ಒಮ್ಮೆ ಒಣಗಿದರೆ ತಿದ್ದುವುದು ಸುಲಭವಲ್ಲ. ಕರಾವಳಿಯ ತೇವದ ಗಾಳಿಯಲ್ಲಿ ಈ ಕೆಲಸ ಮಾಡಿದ ಕೈಗೆ ಎಂಥ ತಾಳ್ಮೆಯಿದ್ದಿರಬೇಕು!

ಕದ್ರಿ ಮಂಜುನಾಥ ದೇವಾಲಯದ ಲೋಕೇಶ್ವರ ಇನ್ನೊಂದು ಅಚ್ಚರಿ. ಮೂರು ಮುಖ, ಆರು ಕೈಗಳ ಈ ಕಂಚಿನ ಮೂರ್ತಿಯನ್ನು ಆಳುಪ ಅರಸ ಕುಂದವರ್ಮ ಕ್ರಿ.ಶ. 968ರಲ್ಲಿ ಪ್ರತಿಷ್ಠಾಪಿಸಿದನೆಂದು ಪೀಠದ ಶಾಸನ ಸಾರುತ್ತದೆ. ಸಾವಿರ ವರ್ಷ ದಾಟಿದರೂ ಲೋಹದ ನುಣುಪು ಮಾಸಿಲ್ಲ.

ಮಧ್ಯಾಹ್ನದ ಬಿಸಿಲೇರುವಾಗ ಹೆಂಚಿನ ಸೂರಿನ ಬೆಲೆ ತಿಳಿಯುತ್ತದೆ. 1865ರಲ್ಲಿ ಬಾಸೆಲ್ ಮಿಷನ್ನಿನ ಪ್ಲೆಬ್‌ಸ್ಟ್ ಜೆಪ್ಪುವಿನಲ್ಲಿ ಆರಂಭಿಸಿದ ಕಾರ್ಖಾನೆಯ ಹೆಂಚು, ಊರಿನ ಹೆಸರನ್ನು ಕಡಲಾಚೆಗೆ ಒಯ್ದಿತು. ಗೋಡಂಬಿಯದು ಇದಕ್ಕೆ ತಿರುವುಮುರುವು. ಬ್ರೆಜಿಲ್‌ನ ಈ ಗಿಡವನ್ನು ಪೋರ್ಚುಗೀಸರು ಇಲ್ಲಿಗೆ ತಂದರು. ಕಾರ್ಖಾನೆಗಳಲ್ಲಿ ಹೆಂಗಸರ ಬೆರಳುಗಳ ಚುರುಕನ್ನು ಪ್ರವಾಸಿಗರು ಬೆರಗಿನಿಂದ ನೋಡುತ್ತಾರೆ. ಬೀಜದ ಸಿಪ್ಪೆಯ ಎಣ್ಣೆ ಚರ್ಮವನ್ನು ಸುಡುವಂಥದು. ಆ ಬೆರಳುಗಳನ್ನು ಸ್ವಲ್ಪ ಹೆಚ್ಚು ಹೊತ್ತು ನೋಡುವುದು ಒಳ್ಳೆಯದು.

ಇನ್ನೂ ಉತ್ಸಾಹವುಳ್ಳವರು ಸುಮಾರು 35 ಕಿ.ಮೀ. ದೂರದ ಮೂಡಬಿದಿರೆಗೆ ಹೋಗಿ 1430ರ ಸಾವಿರ ಕಂಬದ ಬಸದಿ ನೋಡಿ ಬರುತ್ತಾರೆ. ಕಾರ್ಕಳದ 1432ರ ಗೊಮ್ಮಟನನ್ನೂ ಸೇರಿಸಿಕೊಂಡರೆ ದಿನ ಮುಗಿದಂತೆಯೇ. ಹೊತ್ತಿಗೆ ಸರಿಯಾಗಿ ಹಡಗಿಗೆ ಮರಳದಿದ್ದರೆ ಅದು ಕಾಯುವುದಿಲ್ಲ!

ಈ ಹಗಲನ್ನು ಅನುಭವಿಸಲು ಹಡಗಿನ ಟಿಕೆಟ್ಟೇ ಬೇಕೆಂದಿಲ್ಲ. ತ್ಯಾಗರಾಜನಗರದಲ್ಲಿ ರಾತ್ರಿಯೂಟ ಮುಗಿಸಿ ಬಸ್ಸು ಹಿಡಿದವರು ಸುಮಾರು 350 ಕಿ.ಮೀ. ದಾಟಿ ಬೆಳಗಿನ ನೀರುದೋಸೆಗೆ ಮಂಗಳೂರು ತಲಪಬಹುದು. ಬೆಳಿಗ್ಗೆ ಕದ್ರಿ, ಆಮೇಲೆ ಅಲೋಶಿಯಸ್, ಮಧ್ಯಾಹ್ನ ಮೂಡಬಿದಿರೆ, ಸಂಜೆ ಪಣಂಬೂರಿನ ಕಡಲತೀರ. ಬಿಸಿಯೇರಿದ ನೆಲದತ್ತ ಕಡಲಗಾಳಿ ಬೀಸುವ ಹೊತ್ತದು. ಅಲ್ಲಿ ನೆಲಗಡಲೆ ತಿನ್ನುತ್ತ ಕುಳಿತವರ ಪಕ್ಕದಲ್ಲಿ ಕಾಟಿಪಳ್ಳದ ಹಿರಿಯರೊಬ್ಬರು ಇದ್ದಾರು. ಮಾತಿಗೆಳೆದರೆ, ಹಡಗು ನಿಲ್ಲುವ ಜಾಗದಲ್ಲಿ ಒಮ್ಮೆ ಯಾರ ಮನೆಯಿತ್ತೆಂದು ಅವರು ಬೆರಳು ತೋರಿಸಿ ಹೇಳಿಯಾರು.