ಅಮ್ಮಿಯ ಆರ್ಡರ್ ಪುಸ್ತಕ

ನಮ್ಮ ಮನೆಯ ಗೋಡೆಯಲ್ಲಿ ಎರಡು ಕ್ಯಾಲೆಂಡರ್‌ಗಳಿವೆ. ಒಂದು ಉರ್ದುವಿನದು. ಅದರಲ್ಲಿ ಚಾಂದ್‌ನ ತಾರೀಖು, ನಮಾಜಿನ ಸಮಯ ಇರುತ್ತದೆ. ಇನ್ನೊಂದು ಮೂಡಿಗೆರೆಯ ದಿನಸಿ ಅಂಗಡಿಯವರು ವರ್ಷಕ್ಕೊಮ್ಮೆ ಕೊಡುವ ಕನ್ನಡದ್ದು. ಅದರಲ್ಲಿ ತಿಥಿ, ನಕ್ಷತ್ರ, ರಾಹುಕಾಲ ಇರುತ್ತವೆ. ಇವೆರಡರ ಕೆಳಗೆ, ಹೊಲಿಗೆ ಮೆಷಿನ್ನಿನ ಪಕ್ಕದ ಮೊಳೆಗೆ ಇನ್ನೂರು ಪುಟದ ಒಂದು ನೋಟ್‌ಬುಕ್ ನೇತಾಡುತ್ತದೆ. ಅದು ಅಮ್ಮಿಯ ಆರ್ಡರ್ ಪುಸ್ತಕ. ನಮ್ಮ ಮನೆಯ ನಿಜವಾದ ಕ್ಯಾಲೆಂಡರ್ ಅದೇ.

ಅಬ್ಬಾ ಕಾಫಿ ಮಂಡಿಯಲ್ಲಿ ತೂಕದ ಕೆಲಸ ಮಾಡುತ್ತಾರೆ. ಕುಯ್ಲು ಮುಗಿದ ಮೇಲೆ ಅಲ್ಲಿ ಕೆಲಸ ಕಡಿಮೆ. ಆಗ ಮನೆ ನಡೆಯುವುದು ಅಮ್ಮಿಯ ಮೆಷಿನ್ನಿನಿಂದ. ಅಮ್ಮಿಗೆ ಉರ್ದು ಓದಲು, ಬರೆಯಲು ಬರುತ್ತದೆ. ಕನ್ನಡ ಮಾತಾಡುತ್ತಾರೆ, ಬರೆಯಲು ಬರುವುದಿಲ್ಲ. ಹಾಗಾಗಿ ನಾನು ಏಳನೇ ಕ್ಲಾಸಿನಲ್ಲಿದ್ದಾಗಿನಿಂದ ಹೆಸರು, ಅಳತೆ, ಕೊಡಬೇಕಾದ ದಿನ ಎಲ್ಲವನ್ನೂ ಬರೆಯುವುದು ನನ್ನ ಕೆಲಸ. ಅಮ್ಮಿ ಮಾತ್ರ ತಾರೀಖಿನಿಂದ ಯಾವುದನ್ನೂ ನೆನಪಿಟ್ಟುಕೊಳ್ಳುವುದಿಲ್ಲ. 'ಗೌರಿ ಹಬ್ಬದ ಹಸಿರು ಬ್ಲೌಸ್', 'ಕ್ರಿಸ್‌ಮಸ್ಸಿನ ಫ್ರಾಕ್', 'ಬಕ್ರೀದಿನ ಸಲ್ವಾರ್' ಎಂದೇ ಹೇಳುತ್ತಾರೆ.

ಪುಸ್ತಕದ ಪುಟ ತಿರುಗಿಸಿದರೆ ವರ್ಷವೇ ತಿರುಗುತ್ತದೆ. ಜೂನ್‌ನಲ್ಲಿ ಶಾಲೆಯ ಯೂನಿಫಾರ್ಮ್. ಜುಲೈನಲ್ಲಿ ಮಳೆ ಹಿಡಿದರೆ ಪುಟಗಳು ಖಾಲಿ. ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆಯೂ ನಿಲ್ಲದಷ್ಟು ತೇವ ಇರುತ್ತದೆ. ಶ್ರಾವಣದ ವರಮಹಾಲಕ್ಷ್ಮಿಗೆ ಮತ್ತೆ ಆರ್ಡರ್ ಶುರು. ಆಮೇಲೆ ಗೌರಿ ಗಣೇಶ. 2023, 2024, 2025 ಮೂರು ವರ್ಷವೂ ಗಣೇಶ ಚತುರ್ಥಿಯಾದ ಒಂಬತ್ತು ಹತ್ತು ದಿನಕ್ಕೇ ಈದ್ ಮಿಲಾದ್ ಬಂತು. ಆ ತಿಂಗಳು ನಮ್ಮ ಮನೆಯಲ್ಲಿ ರಾತ್ರಿ ಹನ್ನೊಂದರವರೆಗೆ ಮೆಷಿನ್ನಿನ ಸದ್ದು. ಆಯುಧ ಪೂಜೆಯ ದಿನ ಯಾರೂ ಬರುವುದಿಲ್ಲವಾದ್ದರಿಂದ ಅಮ್ಮಿ ಅಂದು ಮೆಷಿನ್ ಬಿಚ್ಚಿ ಎಣ್ಣೆ ಹಾಕುತ್ತಾರೆ. ದೀಪಾವಳಿಯ ನಂತರ ಕಾಫಿ ಕುಯ್ಲು. ತೋಟದ ಲೈನ್ ಮನೆಗಳ ಹೆಂಗಸರಿಗೆ ಕೈಯಲ್ಲಿ ಕಾಸಾಡುವ ಕಾಲ. ಕ್ರಿಸ್‌ಮಸ್ಸಿಗೆ ಕೊಂಕಣಿ ಮಾತಾಡುವ ಮನೆಗಳವರು ಬರುತ್ತಾರೆ. ಮಳೆಗಾಲಕ್ಕೆ ಮೊದಲು ಹಳ್ಳಿಗಳ ಸುಗ್ಗಿ ಹಬ್ಬ.

ನಮ್ಮ ಹಬ್ಬಗಳು ಮಾತ್ರ ಈ ಪುಸ್ತಕದಲ್ಲಿ ಒಂದೇ ಕಡೆ ಕೂರುವುದಿಲ್ಲ. ಚಂದ್ರನ ವರ್ಷ ಸುಮಾರು 354 ದಿನ. ಕನ್ನಡ ಪಂಚಾಂಗದ ತಿಂಗಳೂ ಚಂದ್ರನದೇ, ಆದರೆ ಅದರಲ್ಲಿ ಎರಡೂವರೆ ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಸೇರಿಸುತ್ತಾರೆ. ಅದಕ್ಕೇ ಯುಗಾದಿ ಮಾರ್ಚ್, ಏಪ್ರಿಲ್ ಬಿಟ್ಟು ಆಚೆ ಹೋಗುವುದಿಲ್ಲ. ಹಿಜರಿ ವರ್ಷದಲ್ಲಿ ಹಾಗೆ ಸೇರಿಸುವುದಿಲ್ಲ. ಆದ್ದರಿಂದ ರಂಜಾನ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಬರುತ್ತಾ, ಸುಮಾರು 33 ವರ್ಷಕ್ಕೆ ಒಂದು ಸುತ್ತು ಮುಗಿಸುತ್ತದೆ. ನಾನು ಚಿಕ್ಕವಳಿದ್ದಾಗ, 2015ರಲ್ಲಿ, ರಂಜಾನ್ ಈದ್ ಜುಲೈ ಮಳೆಯಲ್ಲಿ ಬಂದಿತ್ತು. ಹೊಸ ಬಟ್ಟೆಯನ್ನು ಒಲೆಯ ಮೇಲಿನ ಹಗ್ಗಕ್ಕೆ ಹಾಕಿ ಒಣಗಿಸಿದ್ದರಿಂದ ಈದ್ಗಾಕ್ಕೆ ಹೊರಟ ಅಬ್ಬಾನ ಅಂಗಿಯಲ್ಲಿ ಹೊಗೆಯ ವಾಸನೆ. ಈಗ ರಂಜಾನ್ ಕಾಫಿ ಹೂವಿನ ಕಾಲಕ್ಕೆ ಬಂದಿದೆ.

ಈ ಲೆಕ್ಕವೆಲ್ಲ ನನಗೆ ಗೊತ್ತಿತ್ತು. ಆದರೂ ಕಳೆದ ವರ್ಷ ನಾನು ತಪ್ಪು ಮಾಡಿದೆ.

2025ರಲ್ಲಿ ಯುಗಾದಿ ಮಾರ್ಚ್ 30, ಭಾನುವಾರ. ಈದ್ ಮಾರನೇ ದಿನ ಇರಬಹುದೆಂದು ಎಲ್ಲರೂ ಹೇಳುತ್ತಿದ್ದರು. ಬಣಕಲ್ ಕಡೆಯ ತೋಟದ ಲೈನಿನಿಂದ ಒಬ್ಬ ಅಕ್ಕ ಒಂದು ಬ್ಲೌಸ್, ಮಗಳಿಗೊಂದು ಲಂಗ ಹೊಲಿಯಲು ಕೊಟ್ಟು, 'ಹಬ್ಬದ ಹಿಂದಿನ ದಿನ ಬಸ್ ಸಿಕ್ಕಲ್ಲ, ಹಬ್ಬದ ಬೆಳಿಗ್ಗೆನೇ ಬರ್ತೀನಿ' ಎಂದು ಹೋದರು. ನಾನು ಪುಸ್ತಕದಲ್ಲಿ 'ಹಬ್ಬ, 31 ಸೋಮವಾರ' ಎಂದು ಬರೆದೆ. ನನ್ನ ತಲೆಯಲ್ಲಿ ಹಬ್ಬವೆಂದರೆ ನಮ್ಮ ಹಬ್ಬ ಇತ್ತು. ಕನ್ನಡ ಕ್ಯಾಲೆಂಡರ್ ಕೈಗೆಟುಕುವಷ್ಟು ಹತ್ತಿರದಲ್ಲೇ ಇತ್ತು. ನಾನು ತಲೆ ಎತ್ತಿ ನೋಡಲಿಲ್ಲ.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಅವರು ಮಗಳೊಂದಿಗೆ ಬಾಗಿಲಲ್ಲಿ ನಿಂತಿದ್ದರು. ಮಗುವಿನ ತಲೆಯಲ್ಲಿ ಇನ್ನೂ ಎಣ್ಣೆ. ಅವರ ಬಟ್ಟೆ ಕತ್ತರಿಸಿತ್ತು, ಹೊಲಿದಿರಲಿಲ್ಲ. ಮೊಳೆಯ ಮೇಲೆ ನನ್ನ ಈದ್‌ನ ಕುರ್ತಾ ಇಸ್ತ್ರಿಯಾಗಿ ನೇತಾಡುತ್ತಿತ್ತು. ಆ ಅಕ್ಕ ಅದನ್ನು ನೋಡಿ ಮೆಲ್ಲಗೆ, 'ನಿಮ್ಮ ಹಬ್ಬದ್ದೆಲ್ಲ ರೆಡಿಯಾಗಿದೆ ಅಲ್ವಾ' ಎಂದರು.

ಅವರು ಬೈದಿದ್ದರೆ ಚೆನ್ನಾಗಿತ್ತು. ಅಮ್ಮಿಯ ಮುಖ ಬಿಳುಚಿಕೊಂಡಿತು. ಅಮ್ಮಿಯ ಹೆದರಿಕೆ ನನಗೆ ಗೊತ್ತು. ಬಾಬಾಬುಡನ್‌ಗಿರಿಯ ಸುದ್ದಿ ಟಿವಿಯಲ್ಲಿ ಬರುವ ವಾರಗಳಲ್ಲಿ ಫೋನ್ ಬಂದರೆ ಅಮ್ಮಿ ಒಂದು ಕ್ಷಣ ತಡೆದು ಎತ್ತುತ್ತಾರೆ, ಯಾರಾದರೂ ಬಟ್ಟೆ ವಾಪಸ್ ಕೇಳುತ್ತಾರೇನೋ ಎಂದು. ಇದುವರೆಗೆ ಯಾರೂ ಕೇಳಿಲ್ಲ. ಯೆಮನ್‌ನಿಂದ ಏಳು ಕಾಫಿ ಬೀಜ ತಂದರೆಂದು ನಾವು ಚಿಕ್ಕಂದಿನಿಂದ ಕೇಳಿದ ಆ ಬಾಬಾನ ಬೆಟ್ಟದ ಹೆಸರು ಬಂದಾಗ ಹೆದರುವಂತಾಗಿದೆಯಲ್ಲ ಎಂದು ನನ್ನ ನಾನಿ ನಿಟ್ಟುಸಿರು ಬಿಡುತ್ತಾರೆ. ಈಗ ನನ್ನ ಒಂದು ತಪ್ಪು ಸಂಖ್ಯೆ, 'ಬೇರೆಯವರ ಹಬ್ಬವೆಂದು ಅಸಡ್ಡೆ ಮಾಡಿದರು' ಎಂಬ ಅರ್ಥ ಪಡೆಯುತ್ತಿತ್ತು.

ಅಮ್ಮಿ ನನಗೆ ಹೇಳಿದ್ದು ಎರಡೇ ಮಾತು. 'ಕಿತಾಬ್ ದಿಖಾ.' ಪುಸ್ತಕ ತೋರಿಸು.

ನಾನು ಪುಟ ತೆಗೆದು ಹಿಡಿದೆ. ಆ ಅಕ್ಕನಿಗೆ ಓದು ಬಾರದು. ಮೂರನೇ ಕ್ಲಾಸಿನ ಮಗಳು ಬೆರಳಿಟ್ಟು ಓದಿದಳು. 'ಮೂವತ್ತೊಂದು ಅಂತ ಬರ್ದಿದಾರಮ್ಮಾ.' 'ಬರೆದಿದ್ದು ನಾನು, ತಪ್ಪಾಯ್ತು' ಎಂದೆ. ಅವರು ಏನೂ ಹೇಳದೆ ಜಗಲಿಯಲ್ಲಿ ಕುಳಿತರು. ಅಂದು 29ನೇ ರೋಜಾ. ಅಮ್ಮಿ ಎರಡೂವರೆ ಗಂಟೆ ತಲೆ ಎತ್ತದೆ ಹೊಲಿದರು. ನಾನು ಗುಂಡಿ ಹಾಕಿದೆ. ಅಮ್ಮಿ ದುಡ್ಡು ಬೇಡವೆಂದರು. ಆ ಅಕ್ಕ ಪೂರ್ತಿ ಎಣಿಸಿ ಮೆಷಿನ್ ಮೇಲಿಟ್ಟು ಹೋದರು. ಅವರು ಮನೆ ಮುಟ್ಟಿ, ಮಗುವಿಗೆ ನೀರು ಹಾಕಿ, ಹೋಳಿಗೆ ಬೇಯಿಸುವ ಹೊತ್ತಿಗೆ ಮಧ್ಯಾಹ್ನ ಕಳೆದಿರಬೇಕು.

ಸಂಜೆ ನಾವು ಚಾಂದ್ ನೋಡಲು ಮನೆಯ ಹಿಂದಿನ ದಿಬ್ಬ ಹತ್ತಿದೆವು. ಪಕ್ಕದ ಮನೆಯ ಅಜ್ಜಿಯೂ ಮೊಮ್ಮಕ್ಕಳೊಂದಿಗೆ ಅಲ್ಲಿಗೆ ಬಂದಿದ್ದರು, ಯುಗಾದಿಯ ಚಂದ್ರನನ್ನು ನೋಡಲು. ಅವರು ಚಂದ್ರನ ಕೋಡು ಯಾವ ಕಡೆ ಬಾಗಿದೆ ಎಂದು ನೋಡಿ ಈ ವರ್ಷ ಮಳೆ ಹೇಗೆಂದು ಹೇಳುತ್ತಾರೆ. ನಾವು ನಾಳೆ ಈದ್ ಹೌದೋ ಅಲ್ಲವೋ ಎಂದು ನೋಡುತ್ತೇವೆ. ಒಂದೇ ಅಮಾವಾಸ್ಯೆ ಮುಗಿದು ಬಂದ ಒಂದೇ ಚಂದ್ರ. ಬೇರೆ ವರ್ಷವಾಗಿದ್ದರೆ ನಾನು ಇದರ ಬಗ್ಗೆ ಸಂತೋಷಪಟ್ಟು ಭಾಷಣ ಸ್ಪರ್ಧೆಯಲ್ಲಿ ಹೇಳುತ್ತಿದ್ದೆ. ಅಂದು ನನಗೆ ಬೆಳಗಿನ ಮಗುವಿನ ಎಣ್ಣೆ ತಲೆಯೇ ಕಣ್ಣ ಮುಂದೆ ಇತ್ತು. ಮಾರನೇ ದಿನ ಆ ಕುರ್ತಾ ಹಾಕಿಕೊಂಡೆ, ಆದರೆ ಯಾರಾದರೂ ಚೆನ್ನಾಗಿದೆ ಎಂದರೆ ಮಾತು ಬದಲಿಸಿದೆ.

ಆ ಅಕ್ಕ ವರಮಹಾಲಕ್ಷ್ಮಿಗೆ ಬರಲಿಲ್ಲ. ಗೌರಿ ಹಬ್ಬಕ್ಕೂ ಬರಲಿಲ್ಲ. ಅದೇ ತಿಂಗಳುಗಳಲ್ಲಿ ನಮಗೆ ಅಕೌಂಟೆನ್ಸಿ ತರಗತಿಯಲ್ಲಿ ಪಾಲುದಾರಿಕೆ ಸಂಸ್ಥೆಯ ಗುಡ್‌ವಿಲ್ ಪಾಠ ನಡೆಯಿತು. ಸರಾಸರಿ ಲಾಭ, ಅಧಿಕ ಲಾಭ, ಎಷ್ಟು ವರ್ಷದ ಖರೀದಿ ಎಂದು ಗುಡ್‌ವಿಲ್‌ಗೆ ಬೆಲೆ ಕಟ್ಟುವುದನ್ನು ಕಲಿತೆ. ಕಣ್ಣಿಗೆ ಕಾಣದ ಆಸ್ತಿ ಎಂದು ನಮ್ಮ ಉಪನ್ಯಾಸಕರು ಹೇಳಿದಾಗ ನನಗೆ ಕಣ್ಣಿಗೆ ಕಂಡದ್ದು ಖಾಲಿ ಜಗಲಿ.

ಅಕ್ಟೋಬರ್‌ನಲ್ಲಿ, ದೀಪಾವಳಿಗೆ ಹತ್ತು ದಿನ ಇರುವಾಗ ಅವರು ಬಂದರು. ಬಟ್ಟೆ ಕೊಡುವ ಮೊದಲು, 'ಪುಸ್ತಕ ತಾ' ಎಂದರು. ನಾನು ಬರೆದದ್ದನ್ನು ಮಗಳ ಕೈಯಲ್ಲಿ ಗಟ್ಟಿಯಾಗಿ ಓದಿಸಿದರು. ಅವಳು ತಾರೀಖು, ವಾರ, ಹಬ್ಬದ ಹೆಸರು ಮೂರನ್ನೂ ಓದಿದಳು. ಅಮ್ಮಿ ನಕ್ಕರು, ಅವರೂ ನಕ್ಕರು. ನಾನು ಮಾತ್ರ ಕನ್ನಡ ಕ್ಯಾಲೆಂಡರ್ ಇನ್ನೊಮ್ಮೆ ನೋಡಿದೆ. ಅಂದಿನಿಂದ ನಮ್ಮ ಮನೆಯಲ್ಲಿ ಅದೇ ನಿಯಮ. ಬರೆದ ಮೇಲೆ ಗಿರಾಕಿಗೆ ಓದಿ ಹೇಳಬೇಕು. ಬರೀ 'ಹಬ್ಬ' ಎಂದು ಬರೆಯುವಂತಿಲ್ಲ, ಯಾವ ಹಬ್ಬ ಎಂದು ಬರೆಯಬೇಕು.

ಈ ವರ್ಷ ನಮ್ಮ ಬೋರ್ಡ್ ಪರೀಕ್ಷೆ ರಂಜಾನ್‌ನಲ್ಲೇ ಬರುತ್ತದೆ. ಯುಗಾದಿ ಮತ್ತು ಈದ್ ಮತ್ತೆ ಒಂದೇ ವಾರ. ಅಮ್ಮಿ ಓದಿಕೋ, ಪುಸ್ತಕ ಮುಟ್ಟಬೇಡ ಎನ್ನುತ್ತಾರೆ. ಆದರೂ ಮೊನ್ನೆ ಹೊಸ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಎರಡೂ ಕ್ಯಾಲೆಂಡರ್ ಪಕ್ಕದಲ್ಲಿಟ್ಟುಕೊಂಡು ವರ್ಷದ ಹಬ್ಬಗಳನ್ನೆಲ್ಲ ಬರೆದಿಟ್ಟೆ. ಮಾರ್ಚ್ 19, ಗುರುವಾರ, ಯುಗಾದಿ. ಅದರ ಕೆಳಗೆ ಈದ್, 20 ಅಥವಾ 21, ಚಾಂದ್ ಕಂಡಂತೆ. ಮೊದಲ ಸಾಲನ್ನು ಕೆಂಪು ಪೆನ್ನಿನಲ್ಲಿ ಬರೆದಿದ್ದೇನೆ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ