ಅಟ್ಟದ ಕೊಬ್ಬರಿ

ತುರುವೇಕೆರೆಯ ಸೀಮೆಯ ಪ್ರೌಢಶಾಲೆಯೊಂದರಲ್ಲಿ ನಾನು ಬಹುಕಾಲ ಸಂಸ್ಕೃತೋಪಾಧ್ಯಾಯನಾಗಿದ್ದೆನು. ಪುಸ್ತಕಭಂಡಾರದ ಹೊಣೆಯೂ ನನ್ನದೇ ಆಗಿದ್ದಿತು. ಭಂಡಾರವೆಂದರೆ ಮೂರು ಬೀರುಗಳು, ಒಂದು ಉದ್ದನೆಯ ಮೇಜು, ನನ್ನ ಜೇಬಿನಲ್ಲಿ ಬೀಗದ ಕೈ, ಅಷ್ಟೆ. ವಾರಕ್ಕೊಂದು ಗಂಟೆ ಒಂಬತ್ತನೆಯ ತರಗತಿಯ ಮಕ್ಕಳನ್ನು ಅಲ್ಲಿ ಕೂರಿಸಿ, ಒಂದು ವಿಷಯವನ್ನು ಕೊಟ್ಟು, ಅವರೇ ಪುಸ್ತಕಗಳನ್ನು ಶೋಧಿಸಿ ಬರೆಯುವಂತೆ ಮಾಡುತ್ತಿದ್ದೆನು.

ಒಮ್ಮೆ ಕೊಟ್ಟ ವಿಷಯ ಕೊಬ್ಬರಿ. ಎಲ್ಲರೂ ಒಂದೇ ದಪ್ಪ ಪುಸ್ತಕವನ್ನು ಹಿಡಿದು, ತೆಂಗಿನಕಾಯಿಯನ್ನು ಎರಡು ಹೋಳಾಗಿ ಒಡೆದು ಬಿಸಿಲಿನಲ್ಲಿ ಒಣಗಿಸಿದರೆ ಕೊಬ್ಬರಿಯಾಗುವುದೆಂದು ಬರೆದರು. ಗ್ರಂಥದ ಹೆಸರು, ಪುಟಸಂಖ್ಯೆ ಸರಿಯಾಗಿದ್ದುವು, ಪೂರ್ಣಾಂಕಗಳನ್ನು ಕೊಟ್ಟೆನು. ಒಬ್ಬ ಹುಡುಗಿ ಮಾತ್ರ, ಬಲಿತ ಕಾಯನ್ನು ಸಿಪ್ಪೆಸಹಿತವಾಗಿ ಅಟ್ಟದ ಮೇಲೆ 8ರಿಂದ 12 ತಿಂಗಳು ಇಡುವರೆಂದೂ, ಒಳಗಿನ ನೀರೆಲ್ಲ ಇಂಗಿ ಕೊಬ್ಬರಿಯು ಚಿಪ್ಪಿನಿಂದ ತಾನಾಗಿ ಬಿಟ್ಟುಕೊಳ್ಳುವುದೆಂದೂ, ಆಮೇಲೆ ಸುಲಿದು ಒಡೆದರೆ ಉಂಡೆಯಾಗಿ ಬರುವುದೆಂದೂ ಬರೆದಿದ್ದಳು. ನಾನು ಕೆಂಪು ಮಸಿಯಲ್ಲಿ ‘ಆಧಾರವೆಲ್ಲಿ?’ ಎಂದು ಬರೆದು ಅಂಕವನ್ನು ಕಳೆದೆನು.

ಮುಂದಿನ ವಾರ ಆಕೆ ಮೇಜಿನ ಮೇಲೆ ಒಂದು ಕಾಯನ್ನಿಟ್ಟಳು.

“ಅಲ್ಲಾಡಿಸಿ ನೋಡಿ ಸಾರ್. ಹೋದ ವರ್ಷದ್ದು. ಅಜ್ಜಿ ಕೊಟ್ಟು ಕಳಿಸಿದ್ರು.”

ಅಲ್ಲಾಡಿಸಿದೆನು. ಒಳಗೆ ಉಂಡೆ ಉರುಳಿತು. ಆ ಸದ್ದು ನನಗೆ ಹೊಸದೇನೂ ಅಲ್ಲ. ನಾನು ಹುಟ್ಟಿದ ಮನೆಯಲ್ಲಿಯೂ ಅಟ್ಟವಿದ್ದಿತು. ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದವೆಂದು ನೈಯಾಯಿಕರ ನಾಲ್ಕು ಪ್ರಮಾಣಗಳನ್ನು ಬಾಲ್ಯದಲ್ಲಿಯೇ ಕಂಠಪಾಠ ಮಾಡಿದ್ದವನು, ಮೊದಲನೆಯದನ್ನೇ ಮರೆತು ಕೊನೆಯದನ್ನು ಹಿಡಿದುಕೊಂಡಿದ್ದೆನು. ತರಗತಿಯ ಮುಂದೆ ತಲೆ ತಗ್ಗಿತೆಂದು ಮುಚ್ಚುಮರೆಯಿಲ್ಲದೆ ಹೇಳುವೆನು.

ಹಾಗಾದರೆ ಪುಸ್ತಕ ಸುಳ್ಳೇ ಎಂದು ಹುಡುಗರು ಕೇಳಿದರು. ಹೌದೆಂದುಬಿಟ್ಟಿದ್ದರೆ ಅದು ನನ್ನ ಎರಡನೆಯ ತಪ್ಪಾಗುತ್ತಿದ್ದಿತು. ಕರಾವಳಿಯಲ್ಲಿ ಹೋಳು ಮಾಡಿ ಒಣಗಿಸುವುದೂ ನಿಜವೇ. ಇಂಗ್ಲಿಷಿನ ‘ಕಾಪ್ರಾ’ ಎಂಬ ಮಾತೇ ಮಲಯಾಳದ ‘ಕೊಪ್ಪರ’ದಿಂದ ಪೋರ್ಚುಗೀಸರ ಬಾಯಿಯ ಮೂಲಕ ಹೋದುದು. ಆ ಗ್ರಂಥಕರ್ತನು ಕಡಲ ತೀರದ ಕೊಬ್ಬರಿಯನ್ನು ಬಲ್ಲವನು, ತಿಪಟೂರಿನದನ್ನು ಅರಿಯದವನು. ಆದುದರಿಂದ ಇದು ಯಾವ ದೇಶದ ಮಾತು ಎಂದು ಪುಸ್ತಕವನ್ನು ಕೇಳಬೇಕು.

ಯಾವ ಕಾಲದ ಮಾತು ಎಂದೂ ಕೇಳಬೇಕಷ್ಟೆ. ಅದಕ್ಕಾಗಿ ಅದೇ ಗಂಟೆಯಲ್ಲಿ ಬಿ. ಎಲ್. ರೈಸರು 1904ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 12ನೆಯ ಸಂಪುಟವನ್ನು ತೆಗೆದು, ತುರುವೇಕೆರೆಯ ಶಾಸನಗಳನ್ನು ಹುಡುಕಿರೆಂದೆನು. ತುಮಕೂರು ಜಿಲ್ಲೆಯ ಸಂಪುಟವೇ ಹೌದು. ಆದರೆ ತುರುವೇಕೆರೆ ತಾಲ್ಲೂಕೆಂಬ ಭಾಗವೇ ಇಲ್ಲ! ಕೆಲವರು ಪುಸ್ತಕವನ್ನು ಮುಚ್ಚಿಟ್ಟರು. ಅಂದು ನಮ್ಮ ಊರು ತಿಪಟೂರು ತಾಲ್ಲೂಕಿಗೆ ಸೇರಿದ್ದಿತೆಂಬುದನ್ನು ಹೊಳೆಯಿಸಿಕೊಂಡವರು ಇಬ್ಬರೇ. ಅವರ ಮುಖ ಅರಳಿದುದನ್ನು ನೋಡಬೇಕಾಗಿದ್ದಿತು.

ಗಂಟೆ ಬಾರಿಸುವುದರೊಳಗೆ ಆ ಹುಡುಗಿಯ ಪುಸ್ತಕವನ್ನು ತರಿಸಿ, ನನ್ನ ಕೆಂಪು ಮಸಿಯನ್ನು ನಾನೇ ಹೊಡೆದುಹಾಕಿ, ಆಧಾರವನ್ನು ಬರೆಯಮ್ಮ ಎಂದೆನು. ಆಕೆ ಅಜ್ಜಿಯ ಹೆಸರನ್ನೂ ಊರನ್ನೂ ಕೇಳಿದ ದಿನವನ್ನೂ ದುಂಡಗೆ ಬರೆದಳು. ಬಳಿಕ ಲೇಖನಿಯನ್ನು ಎತ್ತಿ ಕೇಳಿದಳು:

“ಪುಟಸಂಖ್ಯೆ ಅನ್ನೋ ಕಡೆ ಏನು ಬರೀಲಿ ಸಾರ್?”