ಮುಳ್ಳಿನ ಕಿರೀಟದ ಅರಸ

ವೇಣೂರು, ಬೆಳ್ತಂಗಡಿ ತಾಲೂಕು. ಒಂದೇ ಊರಿನಲ್ಲಿ ಇಬ್ಬರು ಅರಸರು, ಇಬ್ಬರಿಗೂ ರಾಜ್ಯವಿಲ್ಲ. ತಿಮ್ಮಣ್ಣ ಅಜಿಲ 1604ರಲ್ಲಿ ನಿಲ್ಲಿಸಿದ 35 ಅಡಿಯ ಗೊಮ್ಮಟ, ಅಂದರೆ ಬಾಹುಬಲಿ, ಒಬ್ಬ. ಇನ್ನೊಬ್ಬ ಇಲ್ಲಿನ ಇಗರ್ಜಿಗೆ ಹೆಸರು ಕೊಟ್ಟ ಕ್ರಿಸ್ತರಾಜ. ಬಾಹುಬಲಿ ನನಗೆ ಅರ್ಥವಾಗುತ್ತಾನೆ. ಗೆದ್ದ, ಗೆದ್ದದ್ದನ್ನು ಬಿಟ್ಟ, ಮೈಗೆ ಬಳ್ಳಿ ಹಬ್ಬುವ ತನಕ ತಾನಾಗಿಯೇ ನಿಂತ. ಕ್ರಿಸ್ತನನ್ನು ಹಿಡಿದೊಯ್ದರು, ಚಾವಟಿಯಿಂದ ಹೊಡೆದರು, ಮೊಳೆ ಜಡಿದರು. ಸೋತು ಸತ್ತವನನ್ನು ರಾಜ ಎನ್ನುವುದು ಹೇಗೆ?

*

ಶಿಲುಬೆಯನ್ನು ಹತ್ತಿರದಿಂದ ನೋಡಿದೆ. ತಲೆಯ ಮೇಲ್ಗಡೆ ಒಂದು ಪುಟ್ಟ ಹಲಗೆ, ಅದರಲ್ಲಿ ನಾಲ್ಕು ಲ್ಯಾಟಿನ್ ಅಕ್ಷರಗಳು: ಐ, ಎನ್, ಆರ್, ಐ. ನಜರೇತಿನ ಯೇಸು, ಯೆಹೂದ್ಯರ ಅರಸ ಎಂದರ್ಥ. ಅದು ಪಿಲಾತ ಬರೆಸಿದ ಅಪರಾಧದ ಫಲಕ. ಕಿರೀಟವನ್ನೂ ಸೈನಿಕರು ಅಣಕಿಸಲೆಂದೇ ಮುಳ್ಳಿನಿಂದ ಹೆಣೆದರು. ಆ ಅಣಕದ ಬಿರುದನ್ನು ಭಕ್ತರು ಇವತ್ತಿಗೂ ಅಳಿಸಿಲ್ಲ. ಚಿನ್ನದ ಕಿರೀಟ ತೊಡಿಸಿದ ಮೂರ್ತಿಗಳೂ ಇವೆ, ಆದರೆ ನನ್ನನ್ನು ಹಿಡಿದು ನಿಲ್ಲಿಸುವುದು ಈ ಹಲಗೆಯೇ.

ಕ್ರಿಸ್ತರಾಜರ ಹಬ್ಬ ಮಾತ್ರ ಹಳೆಯದಲ್ಲ. ಪೋಪ್ 11ನೇ ಪಿಯುಸ್ ಅದನ್ನು ಸಾರಿದ್ದು 1925ರಲ್ಲಿ. ಅದಕ್ಕೆ ಮೊದಲೇ, ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ರಷ್ಯಾ, ಜರ್ಮನಿ, ಆಸ್ಟ್ರಿಯಾಗಳ ಸಿಂಹಾಸನಗಳು ಉರುಳಿಬಿದ್ದಿದ್ದವು. ಅರಸರು ಉರುಳಿದ ಮೇಲೆ ಬಂದದ್ದು ಈ ಅರಸನ ಹಬ್ಬ.

*

ಮೂಡುಬಿದಿರೆ ಬಳಿಯ ಹೊಸಬೆಟ್ಟು. ಇಲ್ಲಿಗೆ ಬಂದ ಮೇಲೆ ನನ್ನ ಪ್ರಶ್ನೆ ಇನ್ನಷ್ಟು ಕಗ್ಗಂಟಾಯಿತು. 1784ರಲ್ಲಿ ಟಿಪ್ಪುವಿನ ಆಜ್ಞೆಯಂತೆ ಕರಾವಳಿಯ ಕ್ರೈಸ್ತರನ್ನು ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದರು. ವಿಭೂತಿ ಬುಧವಾರದಂದು ಹಿಡಿದರೆಂಬುದು ಸಮುದಾಯದ ನೆನಪು. ಬಂಟ್ವಾಳ ತಾಲೂಕಿನ ಫರಂಗಿಪೇಟೆಯಲ್ಲಿದ್ದ ಫಾದರ್ ಮಿರಾಂಡರ ಗುರುಮಠ ನೆಲಸಮವಾಯಿತು, ಇಗರ್ಜಿಗಳೂ ಒಂದೊಂದಾಗಿ ಬಿದ್ದವು. ಉಳಿದದ್ದು ಹೊಸಬೆಟ್ಟಿನದೊಂದೇ ಎನ್ನುತ್ತದೆ ಇತಿಹಾಸ. ಅದರ ಹೆಸರು ಪವಿತ್ರ ಶಿಲುಬೆ. ಉಳಿಸಿದವನು ಮೂಡುಬಿದಿರೆಯ ಚೌಟ ಅರಸ, ಜೈನ.

ಹಾಗಾದರೆ ಆ ಇನ್ನೊಬ್ಬ ಅರಸ, ಕ್ರಿಸ್ತ, ಎಲ್ಲಿದ್ದ? ದಾರಿಯಲ್ಲಿ ಸತ್ತವರು, ಸೆರೆಯಲ್ಲಿ ಮಕ್ಕಳನ್ನು ಕಳೆದುಕೊಂಡವರು ಇದನ್ನು ಕೇಳದೆ ಇದ್ದಿರಲಾರರು. 1799ರಲ್ಲಿ ಬಿಡುಗಡೆಯಾಗಿ ಅಳಿದುಳಿದವರು ಊರಿಗೆ ಮರಳಿ, ಕಾಪಾಡದ ಆ ಅರಸನಿಗೇ ಮತ್ತೆ ಇಗರ್ಜಿ ಕಟ್ಟಿದರು. ಈ ನಿಷ್ಠೆಯ ಮುಂದೆ ತಲೆ ಬಾಗುತ್ತದೆ, ಆದರೆ ಬುದ್ಧಿಗೆ ಸಮಾಧಾನವಿಲ್ಲ.

*

ನೋವಿಗೆ ಸಿದ್ಧ ಉತ್ತರವೊಂದಿದೆ. ಕಾಯಿಲೆಯವರ ಹಾಸಿಗೆಯ ಪಕ್ಕ ಕುಳಿತು 'ಇದು ದೇವರು ಕೊಟ್ಟ ಶಿಲುಬೆ, ಹೊತ್ತುಕೊಳ್ಳಿ' ಎನ್ನುವವರನ್ನು ಕಂಡಿದ್ದೇನೆ. ಈ ಮಾತು ನನಗೆ ಒಪ್ಪಿಗೆಯಿಲ್ಲ. ಯೇಸು ಎದುರಿಗೆ ಬಂದ ಕುಷ್ಠರೋಗಿಯನ್ನು ಮುಟ್ಟಿ ವಾಸಿಮಾಡಿದ. ತನ್ನ ಪಾಲಿನ ನೋವಿನ ಪಾತ್ರೆಯೂ ತನ್ನಿಂದ ತೊಲಗಲಿ ಎಂದು ಬೇಡಿಕೊಂಡ. ನೋವನ್ನು ಅವನು ಬಯಸಲಿಲ್ಲ, ನೊಂದವರನ್ನು ಬಿಟ್ಟು ಓಡಲಿಲ್ಲ ಅಷ್ಟೆ.

*

ನೆರಿಯದ ಗಂಡಿಬಾಗಿಲು, ಸಿಯೋನ್ ಆಶ್ರಮ. ಬೀದಿಪಾಲಾದ ಮನೋರೋಗಿಗಳಿಗೆ, ಯಾರೂ ಇಲ್ಲದವರಿಗೆ ಇಲ್ಲಿ ಅನ್ನ, ಔಷಧಿ, ಹಾಸಿಗೆ ಸಿಗುತ್ತವೆ. ಮತ್ತಾಯನ ಶುಭಸಂದೇಶದ 25ನೇ ಅಧ್ಯಾಯದಲ್ಲಿ ಸಿಂಹಾಸನದ ಮೇಲೆ ಕುಳಿತ ಅರಸ ಕೇಳುವುದು ಇದನ್ನೇ: ಹಸಿದಿದ್ದೆ, ಬಾಯಾರಿದ್ದೆ, ಕಾಯಿಲೆ ಬಿದ್ದಿದ್ದೆ, ಸೆರೆಯಲ್ಲಿದ್ದೆ, ನೀವೇನು ಮಾಡಿದಿರಿ? ಸೆರೆಯಲ್ಲಿದ್ದವನು ತಾನೇ ಎಂದು ಅರಸನೇ ಹೇಳುತ್ತಾನೆ. ಶ್ರೀರಂಗಪಟ್ಟಣದಿಂದ ಮರಳಿದವರು ಹಿಡಿದುಕೊಂಡದ್ದು ಇದನ್ನೇ ಇರಬೇಕು.

ಮೂರು ವರ್ಷಕ್ಕೊಮ್ಮೆ ಕ್ರಿಸ್ತರಾಜರ ಹಬ್ಬದ ಬಲಿಪೂಜೆಯಲ್ಲಿ ಓದುವುದು ಇದೇ ಭಾಗವನ್ನು. ನೊಂದವರಿಗೆ ತಾಳ್ಮೆ ಬೋಧಿಸಲು ಹೊರಟವರು ದಯವಿಟ್ಟು ಮೊದಲು ಇದನ್ನು ಓದಲಿ.